ಅಮ್ಮನ ಹಳೆ ಸೀರೆ, ಕಿಸೆ ಇರುವ ಕುರ್ತಿ

ನನಗೆ ಕಿಸೆ ಬೇಕಿತ್ತು. ಮನೆಯಲ್ಲೇ ಬಟ್ಟೆ ಹೊಲಿಯಲು ಶುರು ಮಾಡಿದ್ದಕ್ಕೆ ಮೊದಲ ಕಾರಣ ಅದೇ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಒಂದು ಕನ್ನಡ ಶಾಲೆಯಲ್ಲಿ ನಾನು ಟೀಚರ್. ಸೀಮೆಸುಣ್ಣ, ಕಪಾಟಿನ ಬೀಗದ ಕೈ, ಮೊಬೈಲು, ಬಸ್ಸಿಗೆ ಚಿಲ್ಲರೆ. ಇಷ್ಟನ್ನು ದಿನವಿಡೀ ಎಲ್ಲಿ ಇಟ್ಟುಕೊಳ್ಳುವುದು? ಗಂಡಸರ ಅಂಗಿಗೊಂದು, ಪ್ಯಾಂಟಿಗೆರಡು ಕಿಸೆ ಕೇಳದೆಯೇ ಬರುತ್ತದೆ. ನಮ್ಮ ಕುರ್ತಿಗೆ ಇಲ್ಲ. ಇದ್ದರೂ ನಾಲ್ಕು ಬೆರಳು ಹೋಗುವಷ್ಟು. ಎರಡನೇ ಕಾರಣ ಇಲ್ಲಿನ ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಸರಗೋಡಿನಲ್ಲಿ ಫ್ಯಾನಿನ ಕೆಳಗೆ ಕೂತರೂ ಬೆನ್ನು ಬೆವರುತ್ತದೆ. ನೋಡಲು ಚಂದ ಕಾಣುವ ರೆಡಿಮೇಡ್ ಕುರ್ತಿಗಳ ಒಳಗೆ ಪಾಲಿಯೆಸ್ಟರ್ ಲೈನಿಂಗ್ ಇರುತ್ತದೆ. ಅದನ್ನು ಹಾಕಿಕೊಂಡು ಮಧ್ಯಾಹ್ನದ ಪೀರಿಯಡ್ ತೆಗೆದುಕೊಳ್ಳುವುದು ಕಷ್ಟ. ನನಗೆ ಬೇಕಾದದ್ದು ಹತ್ತಿ ಬಟ್ಟೆ, ಸಡಿಲ ಅಳತೆ, ಎರಡೂ ಪಕ್ಕ ಕಿಸೆ. ಅದನ್ನು ನಾನೇ ಹೊಲಿದುಕೊಳ್ಳುವುದು ಸರಿ ಅನಿಸಿತು.

ಮಿಷನ್ ಮನೆಯಲ್ಲೇ ಇತ್ತು. ಕಾಲಿನಲ್ಲಿ ತುಳಿಯುವ ಹಳೆಯ ಕಪ್ಪು ಉಷಾ. ಹೊಸದು ಕೊಳ್ಳುವವರು ಮೋಟಾರಿನದ್ದು ಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳುವಂತಿಲ್ಲ. ತುಳಿಯುವ ಮಿಷನ್ನಿಗೆ ಅದರ ಹಂಗಿಲ್ಲ. ಕುತ್ತಿಗೆಯ ತಿರುವಿನಂಥ ಕಡೆ ಒಂದೊಂದೇ ಹೊಲಿಗೆ ಹಾಕುತ್ತಾ ನಿಧಾನವಾಗಿ ಹೋಗಲು ಕಾಲಿನ ಹಿಡಿತದಷ್ಟು ಒಳ್ಳೆಯದು ಬೇರೆ ಇಲ್ಲ.

ಹೊಸಬರು ಮಿಷನ್ ಹಾಳಾಗಿದೆ ಅಂದುಕೊಳ್ಳುವ ಹೆಚ್ಚಿನ ಸಮಸ್ಯೆಗಳು ಸೂಜಿಯಲ್ಲೋ ನೂಲು ಪೋಣಿಸಿದ್ದರಲ್ಲೋ ಇರುತ್ತವೆ. ತೆಳು ಮಲ್ ಬಟ್ಟೆಗೆ 11ನೇ ನಂಬರಿನ ಸೂಜಿ, ಸಾಧಾರಣ ಹತ್ತಿಗೆ 14, ಜೀನ್ಸಿನಂಥ ದಪ್ಪದ್ದಕ್ಕೆ 16. ಸೂಜಿಯ ಚಪ್ಪಟೆ ಬದಿ ಸರಿಯಾದ ಕಡೆಗೆ ಇರದಿದ್ದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ಬಟ್ಟೆಯ ಅಡಿಯಲ್ಲಿ ನೂಲು ಗೋಜಲಾದರೆ ಎಲ್ಲರೂ ಬಾಬಿನ್, ಅಂದರೆ ಅಡಿ ನೂಲಿನ ಉರುಳೆ, ಬಿಚ್ಚುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ನೂಲಿನದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದವನ್ನು ಮೇಲಕ್ಕೆತ್ತಿ ನೂಲು ಪೋಣಿಸಿದರೆ ಮಾತ್ರ ಅದು ಬಿಗಿ ಹಿಡಿಯುವ ತಟ್ಟೆಗಳ ನಡುವೆ ಸರಿಯಾಗಿ ಕೂರುತ್ತದೆ. ಇನ್ನೊಂದು ಮಾತು, ಮಿಷನ್ನಿಗೆ ತೆಂಗಿನೆಣ್ಣೆ ಹಾಕಬೇಡಿ. ಊರಲ್ಲಿ ಎಲ್ಲದಕ್ಕೂ ಅದೇ ಕೈಗೆ ಸಿಗುತ್ತದೆ ನಿಜ. ಆದರೆ ಅದು ಅಂಟಾಗಿ ಧೂಳು ಹಿಡಿದು ಮಿಷನ್ ಬಿಗಿಯಾಗುತ್ತದೆ. ಮಿಷನ್ ಎಣ್ಣೆಯೇ ಬೇಕು.

ಈಗ ಬಟ್ಟೆಯ ವಿಷಯ. ಕಲಿಯುವವರಿಗೆ ಹಳೆಯ ಹತ್ತಿ ಸೀರೆಗಿಂತ ಒಳ್ಳೆಯ ಬಟ್ಟೆ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅದು ಎಷ್ಟೋ ಸಲ ಒಗೆದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿರುತ್ತದೆ. ಹೊಸ ಹತ್ತಿಯಾದರೆ ರಾತ್ರಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಒಂದೇ ಒಗೆತಕ್ಕೆ ಉದ್ದ ಒಂದೆರಡು ಇಂಚು ಕಡಿಮೆಯಾಗಿಬಿಡುತ್ತದೆ. ಹಳೆ ಸೀರೆಗೆ ಆ ಕೆಲಸ ಇಲ್ಲ. ಬಣ್ಣ ಬಿಡುವ ಹೆದರಿಕೆಯೂ ಇಲ್ಲ.

ನಮ್ಮ ಕಾಸರಗೋಡಿನ ಕೈಮಗ್ಗದ ಸೀರೆ ನಿಮಗೆ ಗೊತ್ತಿರಬಹುದು. ಇಲ್ಲಿನ ನೇಕಾರರ ಸಹಕಾರ ಸಂಘ 1938ರಲ್ಲೇ ಶುರುವಾದದ್ದು. ಕಾಸರಗೋಡು ಸೀರೆ ಅಂತಲೇ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಮ್ಮನ ಹತ್ತಿರ ಅಂಥ ಸೀರೆಗಳು ಇದ್ದವು. ಶಾಲೆಗೆ ಉಟ್ಟು ಉಟ್ಟು ಮೆತ್ತಗಾದವು. "ಇನ್ನು ಇದನ್ನು ನೆಲ ಒರೆಸ್ಲಿಕ್ಕೆ ಹಾಕುದಾ?" ಅಂತ ಅಮ್ಮ ಕೇಳಿದಾಗ ನಾನು ಎಲ್ಲವನ್ನೂ ಎತ್ತಿಟ್ಟುಕೊಂಡೆ.

ಹಳೆ ಸೀರೆಯನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ನೆರಿಗೆ ಸಿಕ್ಕಿಸುವ ಜಾಗ, ಪಾದಕ್ಕೆ ತಾಗುವ ಜಾಗ ಜಾಸ್ತಿ ಸವೆದಿರುತ್ತದೆ. ಬೆಳಕು ಹೆಚ್ಚು ಹಾಯುವ ಕಡೆಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಿಟ್ಟುಬಿಡುವುದು. ಸೆರಗಿನ ಕಡೆಯ ಬಟ್ಟೆ ಹೆಚ್ಚಾಗಿ ಗಟ್ಟಿ ಇರುತ್ತದೆ. ಅದು ಎದೆ ಭಾಗಕ್ಕೆ ಅಥವಾ ಕೈಗೆ ಒಳ್ಳೆಯದು.

ಸೀರೆಯ ಅಂಚು ಕುರ್ತಿಯ ಕೆಳಗೆ ಬರಬೇಕು ಅಂತ ಎಲ್ಲರಿಗೂ ಆಸೆ. ನನಗೂ ಅದೇ ಇಷ್ಟ. ಅದಕ್ಕೆ ಒಂದು ಲೆಕ್ಕ ಉಂಟು. ಸೀರೆಯ ಅಂಚು ಹಾಸು ನೂಲಿನ ಜೊತೆ ಉದ್ದಕ್ಕೆ ಓಡುತ್ತದೆ. ಅಂಚನ್ನು ಕೆಳಗೆ ತಂದರೆ ಬಟ್ಟೆ ಅಡ್ಡಕ್ಕೆ ತಿರುಗಿದ ಹಾಗೆ. ಆಗ ಕುರ್ತಿಯ ಉದ್ದ ಸೀರೆಯ ಅಗಲಕ್ಕಿಂತ ಜಾಸ್ತಿ ಆಗಲಾರದು. ಸೀರೆಯ ಅಗಲ ಸಾಮಾನ್ಯವಾಗಿ 45 ಇಂಚಿನ ಆಸುಪಾಸು. ಹೆಗಲ ಹೊಲಿಗೆಗೆ ಕಳೆದರೂ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬರುವ ಕುರ್ತಿಗೆ ಸಾಕು. ಕೆಳಗೆ ಮಡಿಚಿ ಹೊಲಿಯುವ ಕೆಲಸವೂ ತಪ್ಪುತ್ತದೆ, ಸೀರೆಯ ಅಂಚೇ ಕುರ್ತಿಯ ಅಂಚಾಗುತ್ತದೆ. ಹೀಗೆ ಕತ್ತರಿಸಿದರೆ ಕೈ ಸೇರಿ ಎರಡೂವರೆ ಮೀಟರಿನೊಳಗೆ ಒಂದು ಕುರ್ತಿ ಮುಗಿಯುತ್ತದೆ. ಸವೆತ ಕಡಿಮೆ ಇದ್ದರೆ ಒಂದು ಸೀರೆಗೆ ಎರಡು ಕುರ್ತಿ.

ಅಳತೆಗೆ ನಾನು ಪುಸ್ತಕದ ಚಾರ್ಟ್ ಹಿಡಿಯಲಿಲ್ಲ. ನನಗೆ ಸರಿಯಾಗಿ ಕೂರುತ್ತಿದ್ದ ಒಂದು ಹಳೆ ಕುರ್ತಿಯ ಹೊಲಿಗೆ ಬಿಚ್ಚಿದೆ. ಹೊಲಿಗೆ ಬಿಚ್ಚುವಾಗಲೇ ಅದನ್ನು ಯಾವ ಕ್ರಮದಲ್ಲಿ ಹೊಲಿದಿದ್ದಾರೆ ಅಂತ ತಿಳಿಯುತ್ತದೆ. ಯಾವುದು ಕೊನೆಗೆ ಹೊಲಿದದ್ದೋ ಅದು ಮೊದಲು ಬಿಚ್ಚಿಕೊಳ್ಳುತ್ತದೆ. ತುಂಡುಗಳಿಗೆ ಇಸ್ತ್ರಿ ಹಾಕಿ, ಹಳೆ ಪೇಪರಿನ ಮೇಲಿಟ್ಟು ಗೆರೆ ಎಳೆದರೆ ನಿಮ್ಮ ಮೈಗೆ ಹೊಂದುವ ಅಳತೆ ಕಾಗದ ಸಿದ್ಧ. ಅದನ್ನು ಇಂಚು ಟೇಪಿನ ಲೆಕ್ಕಕ್ಕೆ ಒಮ್ಮೆ ತಾಳೆ ನೋಡಿ. ಎದೆ ಸುತ್ತು 36 ಇಂಚು ಅಂತ ಇಟ್ಟುಕೊಳ್ಳಿ. ಉಸಿರಾಡಲು, ಕೈ ಎತ್ತಲು 4 ಇಂಚು ಸಡಿಲ ಸೇರಿಸಿ 40. ನಾಲ್ಕರಿಂದ ಭಾಗಿಸಿದರೆ 10. ಬಟ್ಟೆಯನ್ನು ನಾಲ್ಕು ಪದರ ಮಡಿಸಿದರೆ ಮಡಿಕೆಯಿಂದ 10 ಇಂಚು, ಹೊಲಿಗೆಗೆ ಮತ್ತೊಂದು ಇಂಚು. ನಾನು ದಿನವಿಡೀ ಬೋರ್ಡಿನ ಮೇಲೆ ಬರೆಯುವವಳು, ಕೈ ಮೇಲೆತ್ತುವ ಕೆಲಸ ಜಾಸ್ತಿ. ಹಾಗಾಗಿ ಸಡಿಲದಲ್ಲಿ ಜಿಪುಣತನ ಮಾಡುವುದಿಲ್ಲ. ಕಂಕುಳ ತಿರುವಿನಲ್ಲಿ ಮುಂಭಾಗವನ್ನು ಹಿಂಭಾಗಕ್ಕಿಂತ ಅರ್ಧ ಇಂಚು ಜಾಸ್ತಿ ಒಳಗೆ ತೆಗೆಯಬೇಕು. ನಮ್ಮ ಕೈಗಳು ಮುಂದಕ್ಕೆ ಚಲಿಸುವುದೇ ಹೆಚ್ಚು ಅಲ್ವಾ? ಅಲ್ಲಿ ಬಟ್ಟೆ ಉಳಿದರೆ ಸುಕ್ಕು ಕಟ್ಟುತ್ತದೆ.

ಕತ್ತರಿ ಹಿಡಿಯುವುದನ್ನು ಹೇಳಿಕೊಟ್ಟವರು ನಮ್ಮೂರಿನ ಟೈಲರ್ ಅಕ್ಕ. ಒಂದು ಸಂಜೆ ಅವರ ಅಂಗಡಿಯಲ್ಲಿ ಕೂತಿದ್ದಾಗ ಹೇಳಿದರು: "ಟೀಚರೇ, ತುಂಡು ಮಾಡ್ಲಿಕ್ಕೆ ಅವಸರ ಮಾಡ್ಬೇಡಿ. ಮೊದಲು ಇಸ್ತ್ರಿ ಹಾಕಿ. ಸುಕ್ಕಿನ ಮೇಲೆ ಗೆರೆ ಎಳೆದ್ರೆ ಅಳತೆ ಹೇಗೆ ಸರಿ ಬರ್ತದೆ?" ಅವರು ಕತ್ತರಿಸುವಾಗ ಕತ್ತರಿಯ ಕೆಳಗಿನ ಅಲಗು ಮೇಜಿನಿಂದ ಮೇಲೇಳುವುದೇ ಇಲ್ಲ. ಬಟ್ಟೆ ಅಲುಗುವುದಿಲ್ಲ, ಅವರೇ ಮೇಜಿನ ಸುತ್ತ ನಡೆಯುತ್ತಾರೆ. ಮನೆಯಲ್ಲಿ ನಾನು ಊಟದ ಮೇಜನ್ನು ಗೋಡೆಯಿಂದ ದೂರ ಎಳೆದು ಹಾಗೆಯೇ ಮಾಡುತ್ತೇನೆ.

ಇನ್ನು ಕಿಸೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕುರ್ತಿಯಲ್ಲಿ ಕಿಸೆಗೆ ಒಂದು ತೊಡಕು ಉಂಟು. ಸಾಮಾನ್ಯ ಕುರ್ತಿಯಲ್ಲಿ ಪಕ್ಕದ ಸ್ಲಿಟ್, ಅಂದರೆ ಸೀಳು, ಹೆಗಲಿನಿಂದ 21 ಅಥವಾ 22 ಇಂಚಿಗೆ ಶುರುವಾಗುತ್ತದೆ. ಕಿಸೆಯ ಬಾಯಿ ಇರಬೇಕಾದದ್ದೂ ಅಲ್ಲೇ. ಎರಡೂ ಒಂದೇ ಜಾಗಕ್ಕೆ ಹಟ ಹಿಡಿಯುತ್ತವೆ. ರೆಡಿಮೇಡ್ ಕುರ್ತಿಗಳಲ್ಲಿ ಕಿಸೆ ಬಿಟ್ಟುಬಿಡುವುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಅಂದಾಜು. ನಾನು ಸ್ಲಿಟ್ಟನ್ನು 28 ಇಂಚಿಗೆ ಇಳಿಸಿದೆ. ನಡೆಯಲು ಬಿಗಿಯಾಗಬಾರದು ಅಂತ ಸೊಂಟದಿಂದ ಕೆಳಗೆ ಎರಡೂ ಪಕ್ಕ ಅಗಲ ಕೊಟ್ಟೆ. ಬಸ್ಸು ಹತ್ತಲು ಏನೂ ತೊಂದರೆ ಇಲ್ಲ.

ಕಿಸೆಯ ಆಕಾರಕ್ಕೆ ನಿಮ್ಮ ಕೈಯನ್ನೇ ಪೇಪರಿನ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಅದರ ಸುತ್ತ ಒಂದೂವರೆ ಇಂಚು ಬಿಟ್ಟು, ಮೂಲೆಗಳನ್ನು ದುಂಡಗೆ ಮಾಡಿ. ಮೂಲೆ ಚೂಪಾಗಿದ್ದರೆ ಧೂಳು, ದಾರದ ತುಣುಕು ಸೇರಿಕೊಳ್ಳುತ್ತದೆ. ಎರಡು ಕಿಸೆಗೆ ಇಂಥ ನಾಲ್ಕು ತುಂಡು. ಬಾಯಿ 6 ಇಂಚು ಇರಲಿ, ಸೊಂಟದಿಂದ 3 ಇಂಚು ಕೆಳಗೆ ಶುರುವಾಗಲಿ. ಹಳೆ ಸೀರೆಯ ಬಟ್ಟೆಯಲ್ಲಿ ಕಿಸೆ ಮಾಡಬೇಡಿ, ಬೀಗದ ಕೈ ತೂತು ಮಾಡುತ್ತದೆ. ಒತ್ತಾದ ಪಾಪ್ಲಿನ್ ಒಳ್ಳೆಯದು.

ಹೊಲಿಯುವ ಕ್ರಮ ಹೀಗೆ. ಕಿಸೆಯ ಒಂದೊಂದು ತುಂಡನ್ನು ಕುರ್ತಿಯ ಪಕ್ಕದ ಅಂಚಿಗೆ ಹೊರಮೈಗೆ ಹೊರಮೈ ತಾಗುವಂತೆ ಇಡಿ. ಇಲ್ಲಿ ಅಂಚಿನಿಂದ ಮುಕ್ಕಾಲು ಇಂಚು ಬಿಟ್ಟು ಹೊಲಿಯಿರಿ. ಪಕ್ಕದ ಮುಖ್ಯ ಹೊಲಿಗೆ ಬರುವುದು ಒಂದು ಇಂಚಿಗೆ. ಈ ಕಾಲು ಇಂಚಿನ ವ್ಯತ್ಯಾಸದಿಂದ ಕಿಸೆ ಸೇರಿದ ಗೆರೆ ಒಳಗೆ ಸರಿಯುತ್ತದೆ, ಹೊರಗೆ ಬೇರೆ ಬಟ್ಟೆ ಇಣುಕುವುದಿಲ್ಲ. ಮುಂಭಾಗದ ಬಾಯಿಯ ಉದ್ದಕ್ಕೆ ಒಂದು ಸಣ್ಣ ಪಟ್ಟಿಯನ್ನು ಒಳಗಿನಿಂದ ಸೇರಿಸಿ ಹೊಲಿದರೆ ಮೊಬೈಲಿನ ಭಾರಕ್ಕೆ ಬಾಯಿ ಜೋಲು ಬೀಳುವುದಿಲ್ಲ. ಸೀರೆಯ ಅಂಚಿನಲ್ಲಿ ಕತ್ತರಿಸಿ ಉಳಿದ ಪಟ್ಟಿ ಇದಕ್ಕೆ ಸಾಕು. ಆಮೇಲೆ ಕಿಸೆಗಳನ್ನು ಹೊರಕ್ಕೆ ತಿರುಗಿಸಿ ಇಸ್ತ್ರಿ ಒತ್ತಿ. ಮುಂದು ಹಿಂದನ್ನು ಜೋಡಿಸಿ, ಕಂಕುಳಿನಿಂದ ಇಳಿದು, ಕಿಸೆಯ ಸುತ್ತ ಬಂದು, ಪುನಃ ಪಕ್ಕಕ್ಕೆ ಸೇರಿ ಸ್ಲಿಟ್‌ವರೆಗೆ ಒಂದೇ ಹೊಲಿಗೆ. ಕಿಸೆ ಶುರುವಾಗುವ, ಮುಗಿಯುವ ಎರಡು ಮೂಲೆಗಳಲ್ಲಿ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿ. ಭಾರ ಬೀಳುವುದೆಲ್ಲ ಅಲ್ಲಿಗೇ.

ಕುತ್ತಿಗೆಗೆ ಕ್ರಾಸ್ ಪೀಸ್ ಬೇಕು. ಒಂದೂವರೆ ಇಂಚು ಅಗಲದ ಪಟ್ಟಿಯನ್ನು ಬಟ್ಟೆಯ ಓರೆಗೆ ಕತ್ತರಿಸಬೇಕು. ನೇರಕ್ಕೆ ಕತ್ತರಿಸಿದ ಪಟ್ಟಿ ತಿರುವಿನಲ್ಲಿ ಮುದುಡುತ್ತದೆ, ಓರೆಯದ್ದು ಎಳೆದರೆ ಬರುತ್ತದೆ. ಹೊಲಿಯುವಾಗ ಪಟ್ಟಿಯನ್ನು ತುಸು ಬಿಗಿ ಹಿಡಿದು, ಕುರ್ತಿಯ ಬಟ್ಟೆಯನ್ನು ಎಳೆಯದೆ ಬಿಡುವುದು. ತಿರುವಿನಲ್ಲಿ ಹೊಲಿಗೆಗೆ ತಾಗದ ಹಾಗೆ ಕತ್ತರಿಯ ತುದಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿ, ಒಳಕ್ಕೆ ಮಡಿಚಿ, ಕೈಯಲ್ಲಿ ಹೆಮ್ಮಿಂಗ್. ಈ ಹೆಮ್ಮಿಂಗನ್ನು ನಾನು ಮಿಷನ್ನಿಗೆ ಬಿಡುವುದಿಲ್ಲ. ರಾತ್ರಿ ಊಟ ಆದ ಮೇಲೆ ಅಮ್ಮನ ಹತ್ತಿರ ಕೂತು ಮಾಡುವ ಕೆಲಸ ಅದು, ನನಗೆ ಅತೀ ಇಷ್ಟವಾದದ್ದು.

ಅಂಚಿನ ಎಳೆ ಬಿಡದಂತೆ ಹೊಲಿಯುವ ಓವರ್‌ಲಾಕ್ ಮಿಷನ್ ಮನೆಯಲ್ಲಿ ಇಲ್ಲ ಅಂತ ಚಿಂತೆ ಬೇಡ. ಹೆಗಲಿಗೆ ಒಳಮಡಿಕೆ ಹೊಲಿಗೆ ಹಾಕಬಹುದು. ಮೊದಲು ಒಳಮೈಗೆ ಒಳಮೈ ಇಟ್ಟು ಅಂಚಿನಲ್ಲೇ ಒಂದು ಹೊಲಿಗೆ, ಎಳೆಗಳನ್ನು ಕತ್ತರಿಸಿ, ತಿರುಗಿಸಿ ಇನ್ನೊಂದು ಹೊಲಿಗೆ. ಎಳೆ ಬಿಟ್ಟುಕೊಂಡ ಅಂಚು ಒಳಗೆ ಮುಚ್ಚಿಹೋಗುತ್ತದೆ. ಕಿಸೆ ಇರುವ ಪಕ್ಕಕ್ಕೂ ಕಂಕುಳಿಗೂ ಕ್ರಾಸ್ ಪಟ್ಟಿ ಕಟ್ಟುತ್ತೇನೆ. ಸಮಯ ಹಿಡಿಯುತ್ತದೆ, ಆದರೆ ಒಳಗೂ ಹೊರಗಿನಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ.

ಒಂದೇ ಕುರ್ತಿಯನ್ನು ಮತ್ತೆ ಮತ್ತೆ ಹೊಲಿಯಿರಿ ಅನ್ನುವುದು ನಾನು ಎಲ್ಲರಿಗೂ ಹೇಳುವ ಮಾತು. ಇಂದು ಕುರ್ತಿ, ನಾಳೆ ಪ್ಯಾಂಟು, ನಾಡಿದ್ದು ಬ್ಲೌಸ್ ಅಂತ ಹಾರಿದರೆ ಕೈ ಪಳಗುವುದಿಲ್ಲ. ಅದೇ ಕಾಗದ, ಅದೇ ಕ್ರಮ. ಬಟ್ಟೆ ಮಾತ್ರ ಬೇರೆ. ಆಗ ಕೈ ಯಾವುದನ್ನು ತಾನಾಗಿ ಮಾಡುತ್ತದೆ, ಎಲ್ಲಿ ತಡೆಯುತ್ತದೆ ಅಂತ ನಿಮಗೇ ಕಾಣುತ್ತದೆ. ನಾನು ಬ್ಲೌಸಿಗೆ ಬಂದದ್ದು ಬಹಳ ತಡವಾಗಿ. ಶಾಲೆಯ ಓಣಂ ದಿನ ನಾವೆಲ್ಲ ಚಿನ್ನದ ಬಣ್ಣದ ಅಂಚಿನ ಕಸವು ಸೀರೆ ಉಡುವ ರೂಢಿ. ಅದಕ್ಕೆ ಹತ್ತಿಯ ಬ್ಲೌಸ್ ಈಗ ನಾನೇ ಹೊಲಿಯುತ್ತೇನೆ. ಮದುವೆಯ ರೇಷ್ಮೆ ಸೀರೆಯ ಬ್ಲೌಸ್ ಮಾತ್ರ ಟೈಲರ್ ಅಕ್ಕನಿಗೇ. ಮೈಗೆ ಹೊಂದಲು ಮಡಿಚಿ ಹೊಲಿಯುವ ಟಕ್ಸು ಅವರ ಕೈಯಲ್ಲಿ ಕೂರುವ ರೀತಿಯೇ ಬೇರೆ.

ಮಳೆಗಾಲಕ್ಕೆ ತಯಾರಿ ಬೇಕು. ಹೊಸ ಬಟ್ಟೆ ನೆನೆಸಿ ಒಣಗಿಸುವ ಕೆಲಸವನ್ನು ನಾನು ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ವಿಶೇಷ ದಿನ) ಮೊದಲೇ ಮುಗಿಸುತ್ತೇನೆ. ಜೂನ್ ಬಂದರೆ ಬಟ್ಟೆ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಸೂಜಿಗಳನ್ನು ಎಣ್ಣೆ ಸವರಿದ ಬಟ್ಟೆಯ ತುಂಡಿಗೆ ಚುಚ್ಚಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ಮಿಷನ್ನಿಗೆ ಪ್ಲಾಸ್ಟಿಕ್ ಹೊದೆಸಿದರೆ ಒಳಗೆ ಥಂಡಿ ನಿಂತು ತುಕ್ಕು ಬರುತ್ತದೆ, ಹತ್ತಿ ಬಟ್ಟೆಯೇ ಹೊದೆಸಬೇಕು. ತಿಂಗಳುಗಟ್ಟಲೆ ಮುಟ್ಟದೆ ಬಿಡುವುದಕ್ಕಿಂತ ಸುಮ್ನೆ ಒಂದು ತುಂಡು ಬಟ್ಟೆ ಇಟ್ಟು ತುಳಿದರೂ ಒಳ್ಳೆಯದು.

"ನನಗೂ ಒಂದು ಹೊಲಿದು ಕೊಡ್ತೀರಾ ಅಕ್ಕ?" ಅಂತ ಕೇಳುವವರು ಇದ್ದಾರೆ. ಇಲ್ಲ ಅನ್ನುತ್ತೇನೆ. ದುಡ್ಡಿಗೆ ಹೊಲಿಯುವುದು ಟೈಲರ್ ಅಕ್ಕನ ಜೀವನ, ನನಗೆ ಇದು ಪ್ರೀತಿಯ ಕೆಲಸ. ಕಲಿಯುತ್ತೇನೆ ಅಂದರೆ ಮಾತ್ರ ಬಾಗಿಲು ತೆರೆದೇ ಇದೆ. ಪಕ್ಕದ ಮನೆಯ ಹುಡುಗಿ, ಕಾಸರಗೋಡಿನ ಕಾಲೇಜಿಗೆ ಹೋಗುವವಳು, ಅಜ್ಜಿಯ ಒಂದು ನೀಲಿ ಸೀರೆ ಹಿಡಿದುಕೊಂಡು ಬಂದಿದ್ದಾಳೆ. ನನ್ನ ಅಳತೆ ಕಾಗದ ಅವಳಿಗೆ ಆಗುವುದಿಲ್ಲ. ಚೆನ್ನಾಗಿ ಕೂರುವ ಅವಳದ್ದೇ ಒಂದು ಕುರ್ತಿ, ನಾಲ್ಕು ಹಳೆ ಪೇಪರ್ ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಬರಲು ಹೇಳಿದ್ದೇನೆ.