ಬೀಸುಕಲ್ಲಿನ ಗೀರುಗಳನ್ನು ಮಕ್ಕಳು ಅಚ್ಚು ತೆಗೆದಾಗ

ಹಳೆಯ ನೀರಿನ ಗಿರಣಿಗೆ ಮಕ್ಕಳನ್ನು ಮೊದಲ ಸಲ ಕರೆದೊಯ್ದಾಗ ಅಂಗಳದಲ್ಲಿ ಕೂರಿಸಿ, ಕಂಡದ್ದನ್ನು ಚಿತ್ರ ಬಿಡಿಸಿ ಎಂದಿದ್ದೆ. ಎಲ್ಲರ ಹಾಳೆಯಲ್ಲೂ ಒಂದು ಮನೆ, ಪಕ್ಕಕ್ಕೊಂದು ಚಕ್ರ, ಮೂಲೆಯಲ್ಲಿ ಸೂರ್ಯ. ಒಳಗೆ ನಡೆಯುವ ಕೆಲಸ ಯಾರ ಚಿತ್ರಕ್ಕೂ ಇಳಿದಿರಲಿಲ್ಲ. ತಪ್ಪು ನನ್ನದೇ.

ಮುಂದಿನ ಸಲ ಪೆನ್ಸಿಲ್ ಒಯ್ಯಲಿಲ್ಲ. ತೆಳು ಕಾಗದ, ಸುತ್ತಿದ ಕಾಗದ ಸುಲಿದ ಮೇಣದ ಬಳಪ, ಅಷ್ಟೇ. ಒಳಗೆ ಹೋಗಿ ಮೊದಲು ಕಣ್ಣು ಮುಚ್ಚಿ ಕೇಳಿಸಿಕೊಂಡೆವು. ಹಲ್ಲುಚಕ್ರಗಳಲ್ಲಿ ಒಂದರ ಹಲ್ಲು ಕಬ್ಬಿಣದ್ದು, ಅದಕ್ಕೆ ಕಚ್ಚುವ ಇನ್ನೊಂದರದು ಮರದ್ದು. ಹೀಗಿದ್ದರೆ ಸದ್ದು ಕಡಿಮೆ. ಏನಾದರೂ ಸಿಕ್ಕಿಕೊಂಡರೂ ಮುರಿಯುವುದು ಮರದ ಹಲ್ಲು ಮಾತ್ರ, ಅದನ್ನೊಂದು ಬದಲಿಸಿದರಾಯಿತು.

ಆಮೇಲೆ ಕಲ್ಲು. ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಬೀಸುಕಲ್ಲಿನ ಮೇಲೆ, ಅಲ್ಲಿನವರ ಒಪ್ಪಿಗೆ ಪಡೆದು, ಕಾಗದ ಹಿಡಿದು ಬಳಪವನ್ನು ಅಡ್ಡಲಾಗಿ ಉಜ್ಜಿದೆವು. ಕಲ್ಲಿನ ಮೈ ಬಣ್ಣ ಹಿಡಿಯಿತು, ನಡುವಿನಿಂದ ಅಂಚಿಗೆ ಓರೆಯಾಗಿ ಸಾಗುವ ಗೀರುಗಳು ಬಿಳಿಯಾಗಿ ಉಳಿದವು.

ತರಗತಿಯಲ್ಲಿ ಆ ಉಜ್ಜುಚಿತ್ರ ನೋಡಿಕೊಂಡು ದುಂಡನೆಯ ರಟ್ಟಿನ ಮೇಲೆ ರಟ್ಟಿನ ಪಟ್ಟಿಗಳನ್ನು ಓರೆಯಾಗಿ ಅಂಟಿಸಿದರು. ಅಂಟು ರಾತ್ರಿಯಿಡೀ ಒಣಗಲಿ. ಹಸಿಯಿದ್ದರೆ ಪಟ್ಟಿ ಕಿತ್ತು ಬಣ್ಣ ಸವರುವ ರೋಲರ್‌ಗೇ ಮೆತ್ತಿಕೊಳ್ಳುತ್ತದೆ. ಬಣ್ಣ ತೆಳುವಾಗಿ ಸವರಿ, ಒಂದು ಅಚ್ಚು ಕಾಗದಕ್ಕೆ, ಇನ್ನೊಂದು ಪಾರದರ್ಶಕ ಹಾಳೆಗೆ.

ನನಗೆ ತೀರಾ ಮುಖ್ಯವಾದದ್ದು ಇದರ ಮುಂದಿನ ಹೆಜ್ಜೆ. ಗಿರಣಿಯಲ್ಲಿ ಅಡಿಗಲ್ಲಿಗೂ ಮೇಲ್ಗಲ್ಲಿಗೂ ಒಂದೇ ನಮೂನೆಯ ಗೀರು ಹಾಕಿರುತ್ತಾರೆ. ಮೇಲ್ಗಲ್ಲನ್ನು ಮಗುಚಿ ಕೂರಿಸಿದಾಗ ಗೀರುಗಳು ಒಂದನ್ನೊಂದು ಹಾಯುತ್ತವೆ. ಪಾರದರ್ಶಕ ಹಾಳೆಯನ್ನೂ ಹಾಗೆಯೇ ಮಗುಚಿ ಕಾಗದದ ಅಚ್ಚಿನ ಮೇಲಿಟ್ಟು, ನಡುವೆ ಪಿನ್ ಚುಚ್ಚಿ ಮೆಲ್ಲಗೆ ತಿರುಗಿಸಲು ಹೇಳಿದೆ.

“ಕತ್ತರಿ, ಟೀಚರ್! ಎಲ್ಲಾ ಕಡೆ ಕತ್ತರಿ!”

ಒಂದು ದಿಕ್ಕಿಗೆ ತಿರುಗಿಸಿದರೆ ಕತ್ತರಿಗಳು ಅಂಚಿನತ್ತ ಸರಿಯುತ್ತವೆ, ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ನಡುವಿಗೆ. ನಡುವಿನ ತೂತಿಗೆ ಸುರಿದ ಕಾಳು ಅಂಚಿನಲ್ಲಿ ಹಿಟ್ಟಾಗಿ ಬೀಳುವುದು ಹೇಗೆಂದು ನಾನು ವಿವರಿಸಬೇಕಾಗಲಿಲ್ಲ. ಅಷ್ಟು ಹೊತ್ತು ಸುಮ್ಮನೆ ತಿರುಗಿಸುತ್ತಿದ್ದ ಒಬ್ಬ ಹುಡುಗಿ ಹಾಳೆ ತೆಗೆದಿಟ್ಟು, ತನ್ನ ಅಚ್ಚಿನ ಗೀರುಗಳ ನಡುವೆ ಕಾಳು ಬಿಡಿಸತೊಡಗಿದಳು. ನಡುವಿನಲ್ಲಿ ಇಡಿಕಾಳು, ಆಚೆ ನುಚ್ಚು, ಅಂಚಿಗೆ ಬರುವಷ್ಟರಲ್ಲಿ ಬರೀ ಚುಕ್ಕೆ.