ಹಳೆಯ ಜೀಪು ಕೊಳ್ಳುವ ಮುನ್ನ ಎಂಜಿನ್ ಆರಿಸಿಕೊಳ್ಳಿ

ಅಡಿಕೆ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆಯ ಫೋರ್‌ವೀಲ್ ಜೀಪಿನ ಹುಡುಕಾಟ ಶುರುವಾಗುತ್ತದೆ. ಕೊಳ್ಳುವವರ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ, ಆಮೇಲೆ ಟಯರು, ಟಾಪು. ಎಂಜಿನ್ ಯಾವುದೆಂದು ವಿಚಾರಿಸಿದರೆ ‘ಡೀಸೆಲ್’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಒಂದೇ ಹೆಸರಿನ ಗಾಡಿಯೊಳಗೆ ಬೇರೆ ಬೇರೆ ಡೀಸೆಲ್ ಎಂಜಿನ್‌ಗಳಿರುತ್ತವೆ. 2010ರಲ್ಲಿ ಬಂದ ಮಹೀಂದ್ರ ಥಾರ್ ಅನ್ನೇ ನೋಡಿ. ಕೆಲವದರಲ್ಲಿ 2,523 ಸಿಸಿಯ ಡಿಐ, ಅಂದರೆ ಯಾಂತ್ರಿಕ ಪಂಪಿನ ಹಳೆಯ ಬಗೆಯ ಎಂಜಿನ್ ಇದೆ, ಕೆಲವದರಲ್ಲಿ 2,498 ಸಿಸಿಯ ಸಿಆರ್‌ಡಿಇ, ಅಂದರೆ ಕಾಮನ್ ರೈಲ್ ಎಂಜಿನ್. ಮೊದಲನೆಯದರ ಶಕ್ತಿ 63 ಅಶ್ವಶಕ್ತಿ, ಎರಡನೆಯದರದ್ದು 105. ದುರಸ್ತಿಯ ಖರ್ಚಿನಲ್ಲಿ ಇವೆರಡರ ನಡುವೆ ಇನ್ನೂ ದೊಡ್ಡ ಅಂತರವಿದೆ. ಆದ್ದರಿಂದ ಎಂಜಿನ್ ಮೊದಲು, ಗಾಡಿ ಆಮೇಲೆ.

ಮೊದಲು ನಿಮ್ಮ ದಾರಿ ನೋಡಿ

ಗಾಡಿ ವರ್ಷವಿಡೀ ಎಲ್ಲಿ ಓಡಲಿದೆ? ಮನೆಯಿಂದ ತೋಟಕ್ಕೆ, ತೋಟದಿಂದ ಗೊಬ್ಬರದ ಗುಂಡಿಗೆ, ವಾರಕ್ಕೊಮ್ಮೆ ಪೇಟೆಗೆ ಎಂದಾದರೆ ನಿಮಗೆ ಬೇಕಾದದ್ದು ವೇಗವಲ್ಲ, ಕಡಿಮೆ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸಿಗುವ ಎಳೆತ, ಅಂದರೆ ಟಾರ್ಕ್. ಗೊಬ್ಬರದ ಚೀಲ ಹೇರಿಕೊಂಡು ಕೆಸರಿನ ಏರು ಹತ್ತುವಾಗ ಎಂಜಿನ್ ಎರಡು ಸಾವಿರ ಸುತ್ತಿನ ಒಳಗೇ ದುಡಿಯಬೇಕು. ಅಲ್ಲಿ 63 ಅಶ್ವಶಕ್ತಿಯ ಡಿಐ ಕೂಡ ಧಾರಾಳವಾಗಿ ಸಾಕು. ಆದರೆ ಅದೇ ಗಾಡಿಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ತಿಂಗಳಿಗೆರಡು ಸಲ ಬೆಂಗಳೂರಿಗೆ ಹೊರಟರೆ ಸದ್ದು ಮತ್ತು ನಡುಕದಿಂದ ತುಮಕೂರು ದಾಟುವಷ್ಟರಲ್ಲಿ ಎಲ್ಲರಿಗೂ ತಲೆನೋವು. ಅಂಥವರು ಸಿಆರ್‌ಡಿಇ ಅಥವಾ ಸ್ಕಾರ್ಪಿಯೋದ 2.2 ಲೀಟರ್ ಎಂಹಾಕ್ ಎಂಜಿನ್ ಹುಡುಕುವುದು ಒಳ್ಳೆಯದು.

ಮೂರು ಬಗೆಯ ಡೀಸೆಲ್

ಮೊದಲನೆಯದು ಪೂರ್ತಿ ಯಾಂತ್ರಿಕ ಪಂಪು, ಡೀಸೆಲ್ ಚಿಮ್ಮಿಸುವ ನಾಜಲ್‌ಗಳ ಹಳೆಯ ಎಂಜಿನ್. ಮಹೀಂದ್ರದ ಹಳೆಯ ಜೀಪುಗಳಲ್ಲಿ ಬರುತ್ತಿದ್ದ ಪೆಜೋ ಮೂಲದ ಎಂಜಿನ್‌ಗಳು, ಆಮೇಲೆ ಬಂದ ಎಂಡಿಐ ಸರಣಿ, ಮರ್ಸಿಡಿಸ್ ಓಎಂ616 ವಿನ್ಯಾಸದಿಂದ ಬೆಳೆದ ಹಳೆಯ ಫೋರ್ಸ್ ಗೂರ್ಖಾ ಜೀಪಿನ 2.6 ಲೀಟರ್ ಎಂಜಿನ್ ಎಲ್ಲವೂ ಈ ಜಾತಿಯವು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ತಾಲ್ಲೂಕು ಕೇಂದ್ರದ ಮೇಸ್ತ್ರಿ ಸ್ಪ್ಯಾನರ್ ಸೆಟ್ ಹಿಡಿದೇ ಬಹುಪಾಲು ಕೆಲಸ ಮುಗಿಸುತ್ತಾನೆ. ಪಂಪು ಕೆಟ್ಟರೆ ಮಾತ್ರ ಶಿವಮೊಗ್ಗಕ್ಕೆ ಕಳಿಸಬೇಕಾಗಬಹುದು.

ಎರಡನೆಯದು ಕಾಮನ್ ರೈಲ್, ಅಂದರೆ ಸಿಆರ್‌ಡಿಐ. ಮಹೀಂದ್ರದವರು ಸಿಆರ್‌ಡಿಇ ಎನ್ನುವುದೂ ಇದನ್ನೇ. ಇದರಲ್ಲಿ ಡೀಸೆಲ್ ಸಾವಿರ ಬಾರ್ ಮೀರಿದ ಒತ್ತಡದಲ್ಲಿ ಚಿಮ್ಮುತ್ತದೆ. ಮೈಲೇಜ್, ಶಕ್ತಿ, ಮೌನ ಎಲ್ಲದರಲ್ಲೂ ಮುಂದು. ಇದರ ವೈರಿ ಕಲಬೆರಕೆ ಡೀಸೆಲ್ ಮತ್ತು ನೀರು. ಪಂಪ್‌ಸೆಟ್ಟಿಗೆಂದು ಕ್ಯಾನಿನಲ್ಲಿ ತಂದಿಟ್ಟ ಡೀಸೆಲನ್ನು ಮಳೆಗಾಲದಲ್ಲಿ ಗಾಡಿಗೂ ಸುರಿಯುವ ಅಭ್ಯಾಸ ನಮ್ಮ ಕಡೆ ಸಾಕಷ್ಟಿದೆ. ಹಳೆಯ ಪಂಪು ಅದನ್ನು ಒಂದಷ್ಟು ದಿನ ಸಹಿಸೀತು, ಕಾಮನ್ ರೈಲ್ ಇಂಜೆಕ್ಟರ್ ಸಹಿಸುವುದಿಲ್ಲ. ನಾಲ್ಕು ಇಂಜೆಕ್ಟರ್ ಬದಲಿಸುವ ಬಿಲ್ ಬಂದ ದಿನ, ಕೊಳ್ಳುವಾಗ ಚೌಕಾಶಿ ಮಾಡಿ ಉಳಿಸಿದ್ದೆಲ್ಲ ಅಲ್ಲಿಗೆ ಹೋಗುತ್ತದೆ.

ಮೂರನೆಯದು 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಗೆ ನಿಯಮಕ್ಕೆ ತಕ್ಕ ಬಿಎಸ್‌6 ಎಂಜಿನ್. ಇದರ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ತುಂಬಿಕೊಂಡ ಮಸಿಯನ್ನು ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಒಂದೇ ಹದದ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಎರಡು ಕಿಲೋಮೀಟರಿಗೊಮ್ಮೆ ಆಫ್ ಆಗುವ ತೋಟದ ಗಾಡಿಗೆ ಆ ಭಾಗ್ಯವೆಲ್ಲಿ? ಸುಡುವ ಕೆಲಸ ಪದೇಪದೇ ಅರ್ಧಕ್ಕೆ ನಿಂತರೆ ಎಂಜಿನ್ ಆಯಿಲಿಗೆ ಡೀಸೆಲ್ ಇಳಿದು, ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟುತ್ತದೆ. ಬಿಎಸ್‌6 ಗಾಡಿ ನೋಡುವಾಗ ಇದನ್ನು ಮರೆಯದೆ ಗಮನಿಸಿ. ತೋಟದ ಕೆಲಸಕ್ಕೆಂದೇ ಕೊಳ್ಳುವವರಿಗೆ ನಾನು ಬಿಎಸ್‌6 ಡೀಸೆಲ್ ಬೇಡ ಎಂದೇ ಹೇಳುತ್ತೇನೆ, ಅದು ಎಷ್ಟೇ ಹೊಸದಾಗಿ ಹೊಳೆಯಲಿ.

ಬೆಳಿಗ್ಗೆಯೇ ಹೋಗಿ, ಬಾನೆಟ್ ಮುಟ್ಟಿ ನೋಡಿ

ಎಂಜಿನ್ ತಣ್ಣಗಿರಬೇಕು. ಬರುವುದನ್ನು ಮೊದಲೇ ತಿಳಿಸಿ, ‘ಸ್ಟಾರ್ಟ್ ಮಾಡಬೇಡಿ’ ಎಂದೂ ಹೇಳಿ. ಹೋದಾಗ ಬಾನೆಟ್ ಬೆಚ್ಚಗಿದ್ದರೆ ಕಾರಣ ಕೇಳಿ. ತೊಳೆದು ಮಿರಮಿರ ಮಿಂಚುವ ಎಂಜಿನ್ ಕಂಡರೆ ಮೆಚ್ಚಬೇಡಿ, ಆಯಿಲ್ ಎಲ್ಲಿ ಜಿನುಗುತ್ತಿತ್ತೆಂಬ ಗುರುತೂ ತೊಳೆದುಹೋಗಿರುತ್ತದೆ. ಅಡಿಗೆ ಬಗ್ಗಿ ನೋಡಲೇಬೇಕು. ಮಳೆಗಾಲವಾದರೆ ಉಂಬಳದ ಕಾಟ ಇದ್ದದ್ದೇ, ಕಾಲಿಗೆ ಸುಣ್ಣವನ್ನೋ ಹೊಗೆಸೊಪ್ಪಿನ ರಸವನ್ನೋ ಸವರಿಕೊಂಡೇ ಹೋಗಿ.

ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲು) ಬಗ್ಗೆ ಅನುಮಾನ ಪಡಬೇಕು. ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದಾರ್ಥ ಇದ್ದರೆ ಪುಸ್ತಕಗಳು ಗಾಬರಿ ಹುಟ್ಟಿಸುತ್ತವೆ. ಆದರೆ ಆಗುಂಬೆ, ಹುಲಿಕಲ್‌ನಂಥ ಕಡೆ ತೇವದಲ್ಲೇ ನಿಂತು, ಗಳಿಗೆ ಹೊತ್ತು ಓಡಿ ಮತ್ತೆ ನಿಲ್ಲುವ ಗಾಡಿಯಲ್ಲಿ ತುಸು ಕೆನೆ ಕಟ್ಟುವುದು ಸಹಜ. ಡಿಪ್‌ಸ್ಟಿಕ್ ಎಳೆದು ನೋಡಿ. ಅದರಲ್ಲೂ ಆಯಿಲ್ ಹಾಲುಹಾಲಾಗಿದ್ದರೆ ಅಲ್ಲಿಂದಲೇ ಹಿಂದಿರುಗಿ. ಬರೀ ಕಪ್ಪಾಗಿದ್ದರೆ ಅದು ದೋಷವಲ್ಲ, ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ.

ಈಗ ಸೆಲ್ಫ್ ಹೊಡೆಯಿರಿ. ಹೀಟರ್ ಪ್ಲಗ್ ಇರುವ ಎಂಜಿನ್ ಆದರೆ ದೀಪ ಆರುವವರೆಗೆ ಕಾಯಿರಿ. ಚಳಿಯ ಬೆಳಗಿನಲ್ಲಿ ಕ್ಷಣಕಾಲ ಬಿಳಿ ಹೊಗೆ ಬಂದು ನಿಂತರೆ ತಪ್ಪಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದರೆ ಕಂಪ್ರೆಷನ್ ಕುಸಿದಿರಬಹುದು, ನಾಜಲ್ ಕೆಟ್ಟಿರಬಹುದು, ಇಲ್ಲವೇ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಅದು ರಿಂಗ್ ಅಥವಾ ಟರ್ಬೋ ಕೆಲಸ. ಆಕ್ಸಿಲರೇಟರ್ ಒತ್ತಿದಾಗ ಬರುವ ಕಪ್ಪು ಹೊಗೆ ಕೆಲವೊಮ್ಮೆ ಏರ್ ಫಿಲ್ಟರ್ ಬದಲಿಸಿದರೆ ಹೋಗುವಷ್ಟು ಸಣ್ಣ ವಿಷಯ, ಕೆಲವೊಮ್ಮೆ ಪಂಪು, ನಾಜಲ್ ಕೆಲಸ.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಬಿಚ್ಚಿ, ತೂತಿನ ಮೇಲೆ ತಲೆಕೆಳಗಾಗಿ ಇಡಿ. ಮುಚ್ಚಳ ತುಸು ಅಲುಗಾಡಿದರೆ ಸರಿ. ಹಾರಿ ಬಿದ್ದು, ಒಳಗಿನಿಂದ ಹೊಗೆ ಬುಸುಬುಸು ನುಗ್ಗಿದರೆ ಅದನ್ನೇ ಮೇಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು. ಎಂಜಿನ್ ಬಿಚ್ಚಬೇಕಾದ ದಿನ ದೂರವಿಲ್ಲ. ‘ಈ ಎಂಜಿನ್‌ಗೆ ಇದುವರೆಗೂ ಸ್ಪ್ಯಾನರ್ ಹಾಕಿಲ್ಲ’ ಎಂದು ಮಾರುವವರು ಹೆಮ್ಮೆಯಿಂದ ಹೇಳುವುದು ಇಂಥ ಎಂಜಿನ್ನಿನ ಬಗ್ಗೆಯೇ ಹೆಚ್ಚು. ಒಳ್ಳೆಯ ಕಡೆ ಸಿಲಿಂಡರ್ ಬೋರ್ ಮಾಡಿಸಿ, ಬಿಲ್ ಇಟ್ಟುಕೊಂಡ ಎಂಜಿನ್ ಅದಕ್ಕಿಂತ ಎಷ್ಟೋ ವಾಸಿ.

ಸಿಆರ್‌ಡಿಐ ಗಾಡಿಯಾದರೆ ಎರಡು ಪರೀಕ್ಷೆ ಹೆಚ್ಚು. ಸ್ಕ್ಯಾನರ್ ಹಾಕಿಸುವುದು ಒಂದು. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನು ಒಂದೊಂದು ಬಾಟಲಿಗೆ ಬಿಟ್ಟು ಡೀಸೆಲ್ ಅಳೆಯುವುದು ಇನ್ನೊಂದು. ಒಂದು ಬಾಟಲಿ ಮಿಕ್ಕವಕ್ಕಿಂತ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ ಎಂದರ್ಥ.

ಏರು, ಇಳಿಜಾರು, ಕೆಸರು

ಟಾರು ರಸ್ತೆಯಲ್ಲಿ ಓಡಿಸಿ ನೋಡುವುದು ಸಾಲದು. ಹತ್ತಿರದ ಮಣ್ಣಿನ ಏರಿಗೆ ಒಯ್ಯಿರಿ. ಫೋರ್‌ವೀಲ್‌ನ ಲೋ ರೇಂಜ್‌ನಲ್ಲಿ (ನಿಧಾನ, ಹೆಚ್ಚು ಎಳೆತದ ಗೇರು), ಮೊದಲ ಗೇರಿನಲ್ಲಿ ಹತ್ತಿಸಿ, ಅದೇ ಗೇರಿನಲ್ಲಿ ಇಳಿಸಿ. ಇಳಿಯುವಾಗ ಗೇರ್ ಹಾರಿದರೆ ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮೈಲೇಜ್ ಉಳಿಸಲೆಂದು ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕಳಚಿಟ್ಟವರೂ ಇದ್ದಾರೆ. ಆಗ ಫೋರ್‌ವೀಲ್ ಲಿವರ್ ಅಲುಗಾಡುತ್ತದೆ, ಮುಂದಿನ ಚಕ್ರ ಮಾತ್ರ ದುಡಿಯುವುದಿಲ್ಲ. ಒಣ ಟಾರಿನ ಮೇಲೆ ಫೋರ್‌ವೀಲ್ ಹಾಕಿ ತಿರುಗಿಸಲು ಹೋಗಬೇಡಿ. ಈ ಬಗೆಯ ಗಾಡಿಗಳಲ್ಲಿ ಅದು ಬಿಗಿಹಿಡಿದು ಗೇರುಗಳಿಗೇ ಪೆಟ್ಟು.

ಆರ್‌ಸಿಯಲ್ಲಿ ಇರುವ ಎಂಜಿನ್ ಇದೇನಾ?

ಹಳೆಯ ಜೀಪುಗಳಲ್ಲಿ ಮುಖ್ಯ ತೊಡಕು ಇಲ್ಲೇ. ಮೂಲದಲ್ಲಿ ಪೆಟ್ರೋಲ್ ಆಗಿದ್ದು ಆಮೇಲೆ ಡೀಸೆಲ್ ಕೂರಿಸಿದ, ಒಂದರ ಎಂಜಿನ್ ಇನ್ನೊಂದಕ್ಕೆ ಹಾಕಿದ ಗಾಡಿಗಳು ಬೇಕಾದಷ್ಟಿವೆ. ಬ್ಲಾಕಿನ ಮೇಲೆ ಕೊರೆದ ನಂಬರನ್ನು ಟಾರ್ಚ್ ಹಾಕಿ ಓದಿ, ಆರ್‌ಸಿಯೊಂದಿಗೆ ತಾಳೆ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿರಬೇಕು. ‘ಅದೆಲ್ಲ ಆರ್‌ಟಿಒದಲ್ಲಿ ಮಾಡಿಸಿಕೊಡುತ್ತೇವೆ’ ಎಂದರೆ ಮಾಡಿಸಿಕೊಟ್ಟ ಮೇಲೆ ಬರುತ್ತೇನೆ ಎನ್ನಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆ ತಪಾಸಣೆಗೆ ನಿಂತಾಗ ನಂಬರ್ ತಾಳೆಯಾಗದಿದ್ದರೆ ಸಿಕ್ಕಿಬೀಳುವುದು ಮಾರಿದವರಲ್ಲ, ಕೊಂಡವರು.

ಸಾಲದ ಗಾಡಿಯಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು 35ನೇ ನಮೂನೆ, ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆಗಳು ಬೇಕು. ಕೇರಳದಂಥ ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅಗ್ಗವೆಂದು ಕುಣಿಯುವ ಮೊದಲು ಆ ಮೊತ್ತವನ್ನು ಶಿವಮೊಗ್ಗ ಅಥವಾ ಸಾಗರದ ಕಚೇರಿಯಲ್ಲಿ ಕೇಳಿಕೊಂಡು ಬೆಲೆಗೆ ಸೇರಿಸಿ. ಎಲ್ಲ ನಮೂನೆಗೂ ಸಹಿ ಬೀಳುವವರೆಗೆ ಮುಂಗಡಕ್ಕಿಂತ ಹೆಚ್ಚು ಕೊಡಬೇಡಿ.