ಪೈ ಝೀರೋ 2ರಿಂದ ಹೆಡ್‌ಫೋನಿಗೆ ಹಾಡು: ಕೊನೆಗೂ ಕೂತ ಜೋಡಣೆ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ಹೆಡ್‌ಫೋನಿಗೆ ಹಾಡು ಕೇಳುತ್ತೇನೆ ಅಂದಾಗ, ಫೋನ್ ಇರುವಾಗ ಇದ್ಯಾಕೆ, ಅಷ್ಟು ಚಿಕ್ಕ ಬೋರ್ಡಿನಿಂದ ಚಟಪಟ ಬಿಟ್ಟು ಇನ್ನೇನು ಕೇಳುತ್ತೆ ಅಂದವರೇ ಜಾಸ್ತಿ. ಈಗ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ, ಒಂದು ಯುಎಸ್‌ಬಿ ಡಾಂಗಲ್ ಡ್ಯಾಕ್ (ಡಿಜಿಟಲ್ ಹಾಡನ್ನು ಹೆಡ್‌ಫೋನಿನ ಸಿಗ್ನಲ್ ಮಾಡುವ ಪುಟ್ಟ ಸಾಧನ), ಅದನ್ನು ಬೋರ್ಡಿಗೆ ಸೇರಿಸುವ ಓಟಿಜಿ ಕೇಬಲ್, 10,000 ಎಂಎಎಚ್ ಪವರ್ ಬ್ಯಾಂಕ್ ಇಷ್ಟರಲ್ಲೇ ಇಪ್ಪತ್ತು ಗಂಟೆ ಆಸುಪಾಸು ತುಂಡಾಗದೆ ಹಾಡುತ್ತದೆ. ಪವರ್ ಬ್ಯಾಂಕ್ ಬಿಟ್ಟು ನನಗೆ ಸುಮಾರು ಮೂರೂವರೆ ಸಾವಿರ ರೂಪಾಯಿ ಆಯಿತು. ಅದಕ್ಕೂ ಮೊದಲು ದಂಡ ತೆತ್ತದ್ದು ಬೇರೆ.

ಮೊದಲ ದಂಡ ಪಿಸಿಎಂ5102 ಎಂಬ ಡ್ಯಾಕ್ ಚಿಪ್ಪಿನ ಬೋರ್ಡ್. ಚಿಪ್ ಚೆನ್ನಾಗಿದೆ, ಆದರೆ ಅದು ಲೈನ್ ಔಟಿನದು, ಅಂದರೆ ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವಂಥದ್ದು, ಕನಿಷ್ಠ 1 ಕಿಲೋ ಓಮ್ ಲೋಡ್ ಬೇಕು. ಬೋರ್ಡಿನಲ್ಲಿ 3.5 ಎಂಎಂ ಜ್ಯಾಕ್ ಇದೆಯಲ್ಲ ಅಂತ 32 ಓಮ್ ಹೆಡ್‌ಫೋನ್ ನೇರ ಚುಚ್ಚಿದರೆ ಮೃದಂಗದ ಪ್ರತಿ ಪೆಟ್ಟಿಗೂ ದನಿ ಒಡೆಯುತ್ತದೆ. ಅದಕ್ಕೊಂದು ಪಿಎಎಂ8403 ಆಂಪ್ಲಿಫೈಯರ್ ಸೇರಿಸಿದ್ದು ಇನ್ನೂ ದೊಡ್ಡ ತಪ್ಪು. ಅದರ ಎರಡು ಚಾನೆಲ್‌ಗಳ ಮೈನಸ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಹೆಡ್‌ಫೋನ್ ಪ್ಲಗ್ಗಿನಲ್ಲಿ ಎರಡೂ ಒಂದಾಗುತ್ತವೆ. ಚಿಪ್ ಬಿಸಿಯಾಗಿ ಸತ್ತಿತು.

ಡಾಂಗಲ್ ಬಂದ ಮೇಲೂ ಚಟಪಟ ನಿಲ್ಲಲಿಲ್ಲ. ತಂಬೂರಿ ಮಾತ್ರ ಇರುವ ಅರ್ಧ ನಿಮಿಷ ಹಾಕಿ ನೋಡಿ, ಮಿಕ್ಕ ಹಾಡಿನಲ್ಲಿ ಮುಚ್ಚಿಹೋಗುವುದೆಲ್ಲ ಅಲ್ಲಿ ಸಿಕ್ಕಿಬೀಳುತ್ತದೆ. ಕಾರಣ ಬೋರ್ಡಿಗೆ ಬರುವ ವೋಲ್ಟೇಜ್ ಇಳಿದದ್ದು. ಅದನ್ನು ಹಿಡಿಯುವ ಸರ್ಕಿಟ್ ಝೀರೋ ಬೋರ್ಡುಗಳಲ್ಲಿ ಇಲ್ಲ, ಹಾಗಾಗಿ ಅದನ್ನು ಕೇಳುವ ಕಮಾಂಡ್ (vcgencmd get_throttled) ಕೊಟ್ಟರೆ ‘0x0’, ಎಲ್ಲ ಸರಿ ಅಂತಲೇ ಬರುತ್ತದೆ. ಅದನ್ನು ನಂಬಿ ವಾರಗಟ್ಟಲೆ ಸಾಫ್ಟ್‌ವೇರ್ ಕೆದಕಿದ್ದೇ ಬಂತು. ಕೊನೆಗೆ ಬೋರ್ಡಿನ 2 ಮತ್ತು 6ನೇ ಪಿನ್ನಿಗೆ (5 ವೋಲ್ಟ್ ಮತ್ತು ಗ್ರೌಂಡ್) ಮಲ್ಟಿಮೀಟರ್ ಹಿಡಿದರೆ 4.6 ವೋಲ್ಟ್! ಒಂದು ಮೀಟರಿನ ತೆಳು ಚಾರ್ಜಿಂಗ್ ಕೇಬಲ್ ತೆಗೆದು ಒಂದಡಿಯ ದಪ್ಪ ಕೇಬಲ್ ಹಾಕಿದೆ, 4.95ಕ್ಕೆ ಬಂತು. ಚಟಪಟ ಹೋಯಿತು. ಆ ಕೇಬಲ್ ನೂರೈವತ್ತು ರೂಪಾಯಿ.

ಹಾಡು ನುಡಿಸುವ ಸಾಫ್ಟ್‌ವೇರ್ ಎಂಪಿಡಿಯಲ್ಲಿ ಔಟ್‌ಪುಟ್ ನೇರ ‘ಹಾರ್ಡ್‌ವೇರ್’ ಸಾಧನಕ್ಕೇ ಕೊಡಿ, ಸೌಂಡ್ ಕಾರ್ಡಿನ (ಇಲ್ಲಿ ಡಾಂಗಲ್) ನಂಬರ್ ಬೇಡ, ಹೆಸರು ಹಾಕಿ. ರೀಬೂಟ್ ಆದಾಗ ಎಚ್‌ಡಿಎಂಐನ ಸೌಂಡ್ ಕಾರ್ಡ್ ಎದ್ದು ಬಂದು ನಂಬರ್ ಅದಲುಬದಲು ಮಾಡುತ್ತದೆ. ಸಿಡಿಯಿಂದ ತೆಗೆದ ಫ್ಲ್ಯಾಕ್ ಫೈಲ್ (ಗುಣಮಟ್ಟ ಕಳೆಯದ ಹಾಡಿನ ಫೈಲ್) ಹಾಕಿ, ಪ್ರೋಕ್ (/proc) ಫೋಲ್ಡರಿನೊಳಗೆ ಆ ಸೌಂಡ್ ಕಾರ್ಡಿನ ಸ್ಟ್ರೀಮ್ ಫೈಲಿನಲ್ಲಿ ಆ ಕ್ಷಣದ ಸ್ಯಾಂಪಲ್ ದರ 44100 ಕಂಡರೆ ಸರಿ, 48000 ಇದ್ದರೆ ನಡುವೆ ಯಾವುದೋ ಸಾಫ್ಟ್‌ವೇರ್ ರೀಸ್ಯಾಂಪಲ್ ಮಾಡುತ್ತಿದೆ, ಅಂದರೆ ದರ ಬದಲಿಸುತ್ತಿದೆ. ದನಿ ಸಣ್ಣಗಿದ್ದರೆ ಡಾಂಗಲ್ ಬೈಯುವ ಮುಂಚೆ ದನಿಯ ಮಟ್ಟ ತೋರಿಸುವ ಆಲ್ಸಾಮಿಕ್ಸರ್ ತೆರೆಯಿರಿ. ನನ್ನದು ನಲವತ್ತಕ್ಕೇ ನಿಂತಿತ್ತು.

ವೈಫೈ ಪವರ್ ಸೇವ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಫೋನಿನಿಂದ ಹಾಡು ಬದಲಿಸಲು ಎರಡು ಸೆಕೆಂಡ್ ಕಾಯಬೇಕು. 24 ಬಿಟ್, 96 ಕಿಲೋಹರ್ಟ್ಸ್ ಫೈಲುಗಳನ್ನೂ ಹಾಕಿ ನೋಡಿದೆ, ಮೆಮೊರಿ ಕಾರ್ಡಿನಲ್ಲಿ ಜಾಗ ತಿಂದದ್ದಷ್ಟೇ ಗೊತ್ತಾಯಿತು.

ವೈರ್ ಎಳೆದು ಆಫ್ ಮಾಡುವವರು ಪೈಯ ಸೆಟ್ಟಿಂಗ್ ಬದಲಿಸುವ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ (ಮೆಮೊರಿ ಕಾರ್ಡಿಗೆ ಏನೂ ಬರೆಯದಂತೆ ಬೀಗ ಹಾಕುವುದು) ಆನ್ ಮಾಡಿ, ವೈರ್ ಎಳೆದೇ ನನ್ನ ಎರಡು ಕಾರ್ಡ್ ಕೆಟ್ಟಿವೆ. ಆದರೆ ಹಾಡುಗಳ ಡೇಟಾಬೇಸ್ ಮೊದಲೇ ಅಪ್‌ಡೇಟ್ ಮಾಡಿರಬೇಕು. ಬೀಗ ಹಾಕಿದ ಮೇಲೆ ಸೇರಿಸಿದ್ದು ಮರುಬೂಟಿಗೆ ಮಾಯ.